ಮಧ್ಯಾಹ್ನವಾದರೆ ಸ್ಟೀರಿಂಗ್ ಭಾರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದಾಳೆ. ಇರಲಿ. ನನ್ನ ಕೋಪವೆಲ್ಲ ಗಾಡಿಗಳ ಮೇಲೆ, ಗಾಡಿ ತಯಾರಿಸಿದವರ ಮೇಲೆ, ತಪ್ಪು ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆ ಸವೆಸಿಟ್ಟು ಹೋದ ಪುಣ್ಯಾತ್ಮರ ಮೇಲೆ. ಭಾವನ ಮೇಲೆ ಒಂದು ದಿನವೂ ಕೋಪ ಬಂದದ್ದಿಲ್ಲ. ಹೋದ ವರ್ಷ ಅವರು ಶೆಡ್ಡಿಗೆ ಬಂದು, "ಸ್ಟೀರಿಂಗ್ ಭಾರ ಆಗ್ತಿದೆ ಕಣೋ," ಎಂದಾಗಲೂ ನಾನು ಸಿಡುಕಿದ್ದು ಟ್ರಕ್ಕಿನ ಮೇಲೆ.

ಭಾವ ಎಂದರೆ ಅಕ್ಕನ ಗಂಡ. ಇಪ್ಪತ್ತೆರಡು ವರ್ಷದಿಂದ ಒಬ್ಬರೇ ಯಜಮಾನರ ಹತ್ತಿರ ಡ್ರೈವರ್. ಗುಡ್ಡದ ತುದಿಯ ಸಿಗ್ನಲ್ ಟವರುಗಳಿಗೆ ಡೀಸೆಲ್ ಡ್ರಮ್ಮು, ಬ್ಯಾಟರಿ ಸಾಗಿಸುವುದು ಅವರ ಕೆಲಸ. ರಸ್ತೆ ಅನ್ನಿಸಿಕೊಳ್ಳುವುದು ಮೊದಲ ಎರಡು ಮೈಲಿ ಮಾತ್ರ. ಆಮೇಲೆ ಒಣಗಿದ ಹಳ್ಳ, ಸಡಿಲ ಜಲ್ಲಿ, ಬಂಡೆ. ನಾಲ್ಕೂ ಚಕ್ರ ಎಳೆಯುವ ಆ ಟ್ರಕ್ಕಿನ ಟೈರು ನನ್ನ ಎದೆಯೆತ್ತರ. ಹೊರಡುವಾಗ ಗೊಣಗಿ, ದಾರಿಯುದ್ದಕ್ಕೂ ಬೈದು, ಆದರೂ ಎಲ್ಲರನ್ನೂ ಮನೆ ಮುಟ್ಟಿಸುತ್ತಾಳೆ ಎಂದು ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟವರೂ ಭಾವನೇ.

ಶೆಡ್ಡು ಅಪ್ಪನದು. ಅಪ್ಪ ಹೋದ ಮೇಲೆ ನನ್ನ ತಲೆಗೆ ಬಂತು. ಅಪ್ಪ ಕಲಿಸಿದ ಮೊದಲ ಪಾಠ, ಡ್ರೈವರ್ ಹೇಳಿದ್ದನ್ನು ನಂಬು ಎನ್ನುವುದು. ಮೀಟರ್ ಕೆಡುತ್ತದೆ, ಒಳ್ಳೆಯ ಡ್ರೈವರನ ಕೈ ಕೆಡುವುದಿಲ್ಲ ಎನ್ನುತ್ತಿದ್ದರು. ಭಾವ ಇನ್ನೂ ಭಾವ ಆಗಿರದ ಕಾಲದಲ್ಲಿ ಒಮ್ಮೆ ಸ್ಟೀರಿಂಗಿನ ಮೇಲೆ ಎರಡು ಬೆರಳಿಟ್ಟು, "ಬಲಗಡೆ ಬೇರಿಂಗ್ ಹೋಗ್ತಿದೆ," ಎಂದಿದ್ದರು. ಅಪ್ಪ ಚಕ್ರ ಬಿಚ್ಚಿಸಿ ನೋಡಿದರೆ ಬೇರಿಂಗಿನ ಒಂದು ಗುಂಡು ಆಗಷ್ಟೇ ಸೀಳು ಬಿಟ್ಟಿತ್ತು. ಎರಡು ತಿಂಗಳಲ್ಲಿ ಅಕ್ಕನ ಮದುವೆಯಾಯಿತು. ಎಲ್ಲರೂ ಹುಡುಗನ ಮನೆತನ ನೋಡಿದರೆ ನಮ್ಮಪ್ಪ ಬೇರಿಂಗ್ ನೋಡಿ ಮಗಳನ್ನು ಕೊಟ್ಟರು ಎಂದು ನಾನು ಅಕ್ಕನನ್ನು ರೇಗಿಸುತ್ತಿದ್ದೆ.

"ಬೆಳಿಗ್ಗೆ ಏನೂ ಇರಲ್ಲ," ಎಂದರು ಭಾವ. "ಮಧ್ಯಾಹ್ನ ಆಯ್ತೋ, ದೊಡ್ಡಮ್ಮ ಮೊಂಡು ಹಿಡೀತಾಳೆ. ಅದೂ ಬಂಡೆ ಹತ್ತಿಸೋವಾಗ."

ಇದನ್ನು ಕೇಳಿದ ಯಾವ ಮೆಕ್ಯಾನಿಕ್ಕಾದರೂ ನಿದ್ದೆಗಣ್ಣಲ್ಲೇ ಹೇಳುತ್ತಾನೆ, ಎಣ್ಣೆ ಕಾಯುತ್ತಿದೆ ಎಂದು. ಪವರ್ ಸ್ಟೀರಿಂಗ್ ಎಂದರೆ ಎಣ್ಣೆಯ ಒತ್ತಡದ ಆಟ. ಪಂಪು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಚಕ್ರವನ್ನು ತಿರುಗಿಸುತ್ತದೆ, ಡ್ರೈವರ್ ಬರೀ ದಾರಿ ತೋರಿಸುತ್ತಾನೆ. ಬಂಡೆಗಳ ನಡುವೆ ಆಮೆಯ ನಡಿಗೆಯಲ್ಲಿ ಅಷ್ಟು ದೊಡ್ಡ ಟೈರುಗಳನ್ನು ಹೊರಳಿಸಿ ಹೊರಳಿಸಿ ಎಣ್ಣೆ ಕುದಿಯತೊಡಗುತ್ತದೆ. ಕಾದ ಎಣ್ಣೆ ನೀರಾಗುತ್ತದೆ, ನೊರೆ ಬರುತ್ತದೆ, ಒತ್ತಡ ಇಳಿಯುತ್ತದೆ. ಆಗ ಸ್ಟೀರಿಂಗ್ ಭಾರ. ಅವತ್ತು ಅಳೆದಾಗ ನೂರ ಹದಿನೈದು ಡಿಗ್ರಿ ಇತ್ತು. ಕಾಯಿಲೆ ಸಿಕ್ಕಿತು ಎಂದು ನಾನು ಜಂಬದಿಂದ ಕೈ ಒರೆಸಿಕೊಂಡೆ.

ಮೊದಲು ಕೂಲರ್ ಹಾಕಿದೆ. ಪುಟ್ಟ ರೇಡಿಯೇಟರಿನಂಥದ್ದು, ಎಣ್ಣೆ ವಾಪಸು ಬರುವ ಪೈಪಿಗೆ. ಒಂದು ತಿಂಗಳಾದ ಮೇಲೆ ಭಾವ ಬಂದು, ಸ್ವಲ್ಪ ವಾಸಿ, ಆದರೂ ಭಾರ ಎಂದರು. ಕೂಲರಿಗೆ ಫ್ಯಾನ್ ಕೂರಿಸಿದೆ. ಭಾರ ಎಂದರು. ಎಣ್ಣೆ ಡಬ್ಬಿ ದೊಡ್ಡದು ಮಾಡಿದೆ, ಪಂಪು ತೆಗೆದು ಇನ್ನೂ ಬಲವಾದ ಪಂಪು ಹಾಕಿದೆ. ಎರಡು ವಾರ ಖುಷಿಯಾಗಿದ್ದರು, ಆಮೇಲೆ ಮತ್ತೆ ಅದೇ ರಾಗ. ಕೊನೆಗೆ ಮುಂದಿನ ಆಕ್ಸಲಿಗೆ ಒಂದು ಸಿಲಿಂಡರ್ ಜೋಡಿಸಿ, ಎಣ್ಣೆಯೇ ನೇರವಾಗಿ ಚಕ್ರವನ್ನು ದೂಡುವ ಹಾಗೆ ಮಾಡಿದೆ. ನನ್ನ ಕಸುಬಿನಲ್ಲಿ ಅದಕ್ಕಿಂತ ಮುಂದೆ ಹೋಗುವುದಕ್ಕೆ ಜಾಗವಿರಲಿಲ್ಲ.

ಥರ್ಮಾಮೀಟರ್ ಎಪ್ಪತ್ತು ತೋರಿಸುತ್ತಿತ್ತು. ಒತ್ತಡವೂ ಎಷ್ಟು ಬೇಕೋ ಅಷ್ಟೇ. "ಎಲ್ಲಾ ಸರಿ ಇದೆಯಲ್ಲ ಭಾವ," ಎಂದರೆ ಅವರು ಭುಜ ತಿಕ್ಕಿಕೊಳ್ಳುತ್ತ, "ನೀನು ಮೀಟರ್ ಮುಖ ನೋಡ್ತೀಯ. ನನ್ನ ಮುಖ ನೋಡು," ಎಂದು ನಕ್ಕರು. ನಾನು ನೋಡಲಿಲ್ಲ. ಹೊಸ ಮೀಟರ್ ತಂದೆ. ಅದೂ ಎಪ್ಪತ್ತೇ ಎಂದಿತು. ಎರಡು ಮೀಟರುಗಳೂ ಸೇರಿ ನನಗೆ ಟೋಪಿ ಹಾಕುತ್ತಿವೆ ಎಂದುಕೊಂಡೆನೇ ಹೊರತು, ಭಾವನ ಕೈಯನ್ನು ಅನುಮಾನಿಸುವ ಯೋಚನೆ ನನ್ನ ಹತ್ತಿರವೂ ಸುಳಿಯಲಿಲ್ಲ.

ಒಂದು ದಿನ ಅಕ್ಕ ಶೆಡ್ಡಿಗೇ ಬಂದು ಜಾಡಿಸಿದಳು. "ಮನೆಗೆ ಬಂದ್ರೆ ಶರ್ಟಿನ ಗುಂಡಿ ಬಿಚ್ಚೋಕೂ ಕೈಯಲ್ಲಿ ಜೀವ ಇರಲ್ಲ ಅವರಿಗೆ. ನಾನೇ ಬಿಚ್ತಿದೀನಿ. ಒಂದು ಸ್ಟೀರಿಂಗ್ ಸರಿಮಾಡೋಕೆ ವರ್ಷ ಬೇಕೇನೋ ನಿನಗೆ? ಅಪ್ಪ ಇದ್ದಿದ್ರೆ ಒಂದೇ ದಿನಕ್ಕೆ ಮಾಡಿರೋರು."

ಅಪ್ಪ ಎಂಬ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಗುಂಡಿಯ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವರು ಮೊದಲ ಸಲ ಹೇಳಿದ ಹನ್ನೊಂದನೆಯ ತಿಂಗಳಿಗೆ, ಭಾರವಾಗುವ ಹೊತ್ತಿಗೆ ಪಕ್ಕದಲ್ಲೇ ಇದ್ದು ನೋಡುತ್ತೇನೆ ಎಂದು ಹಟ ಹಿಡಿದು ಅವರ ಜೊತೆ ಹೊರಟೆ. ಎಣ್ಣೆ ಡಬ್ಬಿಯಿಂದ ವೈರೆಳೆದು ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹತ್ತುವಾಗ ಎಲ್ಲ ಬೆಣ್ಣೆ. "ಹೆಂಡತಿ ಮುಖಾನಾದ್ರೂ ಹಿಂಗೆ ನೋಡಿದ್ಯೇನೋ ಯಾವತ್ತಾದ್ರೂ?" ಎಂದು ಭಾವ ಕಿಚಾಯಿಸಿದರು. ಮೇಲೆ ಡ್ರಮ್ಮು ಇಳಿಸಿ, ಊಟ ಮಾಡಿ, ಇಳಿಯತೊಡಗಿದಾಗ ಎರಡು ಗಂಟೆ. ಅರ್ಧ ದಾರಿಯಲ್ಲಿ ಎರಡು ಬಂಡೆಗಳ ನಡುವೆ ಎಡಕ್ಕೆ ಹೊರಳಬೇಕಾದ ಒಂದು ಇಕ್ಕಟ್ಟು. ಅಲ್ಲಿ ಭಾವ ನಿಲ್ಲಿಸಿದರು.

"ಬಂತು ನೋಡು. ಈಗ ಭಾರ."

ಅವರು ಸ್ಟೀರಿಂಗನ್ನು ಕೈಯಿಂದ ತಿರುಗಿಸುತ್ತಿರಲಿಲ್ಲ. ಮುಂಗೈಯನ್ನು ಅದರ ಕಡ್ಡಿಗಳ ನಡುವೆ ಸಿಕ್ಕಿಸಿ, ಎದೆ ಆನಿಸಿ, ಇಡೀ ಮೈಯಿಂದ ನೂಕುತ್ತಿದ್ದರು. ಕುತ್ತಿಗೆಯ ನರ ಎದ್ದು ನಿಂತಿತ್ತು. ಮೀಟರ್ ನೋಡಿದೆ, ಅರವತ್ತೆಂಟು. ಇಳಿದು ಬೆಲ್ಟ್ ನೋಡಿದೆ, ಪೈಪ್ ನೋಡಿದೆ. ಕೂಲರಿನ ಮೇಲೆ ಅಂಗೈ ಇಟ್ಟೆ. ಬಿಸಿಯಿತ್ತು, ಆದರೆ ಕೈ ಸುಡುವಷ್ಟಿರಲಿಲ್ಲ.

"ನೀವು ಸ್ವಲ್ಪ ಇಳೀರಿ ಭಾವ, ನಾನು ನೋಡ್ತೀನಿ."

ನಾನು ಹತ್ತಿ ಕೂತು ಸ್ಟೀರಿಂಗ್ ಹಿಡಿದೆ. ಹಿಡಿಯುವುದೇ ಬೇಕಿರಲಿಲ್ಲ. ಒಂದು ಬೆರಳಿಗೆ, ಹೂ ಎತ್ತಿದ ಹಾಗೆ, ಆ ಎದೆಯೆತ್ತರದ ಟೈರುಗಳು ಕಲ್ಲು ಅರೆಯುತ್ತ ಎಡಕ್ಕೆ ಹೊರಳಿದವು. ಬಲಕ್ಕೆ ತಿರುಗಿಸಿದೆ. ಮತ್ತೆ ಎಡಕ್ಕೆ.

ಮೊದಲು ನನಗಾದದ್ದು ಖುಷಿ. ಇದನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನನ್ನ ಕೆಲಸ ಸರಿಯಾಗಿದೆ, ಒಂದು ವರ್ಷ ನಾನು ಪಟ್ಟ ಪಾಡು ದಂಡವಾಗಿಲ್ಲ ಎಂಬ ಖುಷಿ. "ಭಾವ, ಗಾಡಿಗೆ ಏನೂ ಆಗಿಲ್ಲ! ನೋಡಿ ಬೇಕಾದ್ರೆ!" ಎಂದು ಕಿಟಕಿಯಿಂದ ತಲೆ ಹಾಕಿ ಕೂಗಿದೆ.

ಭಾವ ಬಂಡೆಗೆ ಒರಗಿ ಟೈರನ್ನೇ ನೋಡುತ್ತಿದ್ದರು. "ಹೌದು," ಎಂದರು. "ಗಾಡಿಗೆ ಏನೂ ಆಗಿಲ್ಲ."

ಆಮೇಲೆ ಕರ್ಚೀಫಿಗೆಂದು ಬಲಗೈಯನ್ನು ಜೇಬಿಗೆ ಹಾಕಹೋದರು. ಕೈ ಜೇಬಿನ ಬಾಯಿಯ ಹತ್ತಿರ ತಡಕಾಡಿ ನಿಂತಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಒಳಗೆ ನೂಕಿಕೊಂಡರು. ಇಂಜಿನ್ ಓಡುತ್ತಲೇ ಇತ್ತು, ನನಗೆ ಅದನ್ನು ಆರಿಸುವುದೂ ತೋಚಲಿಲ್ಲ.

ಉಳಿದ ದಾರಿ ನಾನೇ ಓಡಿಸಿದೆ. ಹಳ್ಳ ದಾಟಿ ರಸ್ತೆಗೆ ಬಂದ ಮೇಲೆ ಭಾವ, "ನಿಮ್ಮಕ್ಕನಿಗೆ ನಾನೇ ಹೇಳ್ತೀನಿ," ಎಂದರು.

"ಏನಂತ?"

"ಅದೇ ಗೊತ್ತಾಗ್ತಿಲ್ಲ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಭಾವನ ಬಲಗೈ ಹಿಡಿದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿದರು. ಅಲ್ಲಿ ಮಾಂಸವೇ ಇರಲಿಲ್ಲ, ಹಳ್ಳ ಬಿದ್ದಿತ್ತು. ತೋಳಿನ ಚರ್ಮದ ಕೆಳಗೆ ಏನೋ ಸಣ್ಣಗೆ ಅದುರುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದರು. ಹನ್ನೊಂದು ತಿಂಗಳು ಎಂದು ಅಕ್ಕ, ನಾನು ಒಟ್ಟಿಗೇ ಹೇಳಿದೆವು.

"ಇಷ್ಟು ದಿನ ಏನ್ ಮಾಡ್ತಿದ್ರಿ?"

"ಪಂಪು ಬದಲಾಯಿಸ್ತಿದ್ದೆ," ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನನ್ನನ್ನು ಕೆಕ್ಕರಿಸಿ ನೋಡಿದರು.

ಇನ್ನೂ ನಾಲ್ಕು ಪರೀಕ್ಷೆ ಮಾಡಿಸಿ ಆಮೇಲೆ ಬಿಡಿಸಿ ಹೇಳಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ. ಕೈಯಿಂದ ಶುರುವಾಗಿದೆ, ಅಲ್ಲಿಗೇ ನಿಲ್ಲುವುದಿಲ್ಲ. ನಿಲ್ಲಿಸುವ ಔಷಧ ಯಾರ ಹತ್ತಿರವೂ ಇಲ್ಲ, ಸ್ವಲ್ಪ ನಿಧಾನ ಮಾಡುವ ಒಂದು ಮಾತ್ರೆ ಇದೆ. ಮೊದಲೇ ಬಂದಿದ್ದರೆ ಎಂದು ಅಕ್ಕ ಕೇಳಿದಳು.

"ಸ್ವಲ್ಪ ಹೆಚ್ಚು ದಿನ ಸಿಗ್ತಿತ್ತೇನೋ. ಹೇಳೋಕಾಗಲ್ಲಮ್ಮ."

ಆ 'ಏನೋ' ನನ್ನನ್ನು ಇನ್ನೂ ಬಿಟ್ಟಿಲ್ಲ. ಅಕ್ಕ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭಾವ ಕೇಳಿದ್ದು ಒಂದೇ ಪ್ರಶ್ನೆ, ಗಾಡಿ ಓಡಿಸಬಹುದಾ ಎಂದು. ಡಾಕ್ಟರಮ್ಮ ಉತ್ತರವನ್ನು ಅಕ್ಕನ ಮುಖ ನೋಡಿ ಹೇಳಿದರು.

ಯಜಮಾನರು ಒಳ್ಳೆಯವರು. ಆಫೀಸಿನಲ್ಲಿ ಕುರ್ಚಿ ಹಾಕಿಸಿ, ಯಾವ ಗಾಡಿ ಎಷ್ಟು ಹೊತ್ತಿಗೆ ಹೋಯಿತು, ಬಂತು ನೋಡಿಕೊಂಡಿರಿ ಎಂದರು. ಭಾವ ನಾಲ್ಕು ದಿನ ಹೋದರು. ಐದನೆಯ ದಿನ ನಮ್ಮ ಶೆಡ್ಡಿಗೆ ಬಂದು ಟೈರಿನ ಮೇಲೆ ಕೂತರು. ಆಮೇಲೆ ದಿನಾ ಅಲ್ಲೇ. ನಾನು ಕೆಲಸ ಮಾಡುವಾಗ ಅವರು ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿ ಇದರದ್ದು ಇಂಥದ್ದು ಹೋಗಿದೆ ಎನ್ನುತ್ತಿದ್ದರು. ಕಿವಿ ಇನ್ನೂ ಚುರುಕಾಗಿತ್ತು. ಅಷ್ಟು ಹೊತ್ತಿಗೆ ಎಡಗೈಯೂ ಸೋಲತೊಡಗಿತ್ತು.

ದೊಡ್ಡಮ್ಮನನ್ನು ಹೊಸ ಡ್ರೈವರಿಗೆ ಕೊಟ್ಟಿದ್ದರು. ದಪ್ಪ ಕನ್ನಡಕ ಹಾಕುತ್ತಿದ್ದ ಅವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ತಗ್ಗಿ ಬಗ್ಗಿ ನಡೆಯುವ ಮನುಷ್ಯ. ಮೂರು ವಾರ ಓಡಿಸಿ ಒಂದು ಬೆಳಿಗ್ಗೆ ಗಾಡಿ ತಂದು ನಿಲ್ಲಿಸಿದ.

"ಸ್ಟೀರಿಂಗ್ ತುಂಬಾ ಹಗುರ ಅಣ್ಣ," ಎಂದ. "ಚಕ್ರ ಎಲ್ಲಿದೆ ಅಂತಾನೇ ಕೈಗೆ ಗೊತ್ತಾಗಲ್ಲ. ಇಳಿಜಾರಲ್ಲಿ ಒಂಚೂರು ಮುಟ್ಟಿದ್ರೆ ಬಂಡೆ ಕಡೆಗೆ ಹೋಗ್ಬಿಡುತ್ತೆ. ನಂಗೆ ಭಯ. ಸ್ವಲ್ಪ ಭಾರ ಮಾಡಿಕೊಡಿ."

ಕೈಯಲ್ಲಿದ್ದ ಸ್ಪ್ಯಾನರನ್ನು ಅವನ ಕನ್ನಡಕಕ್ಕೇ ಎಸೆಯಬೇಕು ಅನ್ನಿಸಿತು. ಭಾವನ ಎದುರಿಗೇ ಹೇಳುವ ಬದಲು ನನ್ನನ್ನು ಒಂದು ಮಾತು ಹೊರಗೆ ಕರೆದು ಹೇಳಬಾರದಿತ್ತೇ? ಆದರೆ ಅವನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ನಾನು ಭಾವನ ಕಡೆ ನೋಡದೆ ನಿಂತಿದ್ದೆ.

"ಸರಿಯಾಗೇ ಹೇಳ್ತಿದಾನೆ," ಎಂದರು ಭಾವ. "ಬಿಚ್ಚು."

ಕನ್ನಡಕ ಸಂಜೆ ಬರುತ್ತೇನೆಂದು ಹೋದ. ನಾನು ಆಕ್ಸಲಿನ ಸಿಲಿಂಡರ್ ಬಿಚ್ಚಿದೆ, ದೊಡ್ಡ ಪಂಪು ತೆಗೆದು ಹಳೆಯದನ್ನು ಕೂರಿಸಿದೆ. ಕೂಲರ್ ಮಾತ್ರ ಹಾಗೇ ಬಿಟ್ಟೆ. ಮಧ್ಯಾಹ್ನಕ್ಕೆ ಹೊಸ ಎಣ್ಣೆ ತುಂಬಿಸಿದೆ. ಇನ್ನು ಪೈಪುಗಳಲ್ಲಿ ಸೇರಿದ ಗಾಳಿ ತೆಗೆಯಬೇಕು. ಇಂಜಿನ್ ಆರಿಸಿ, ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ನೆಲ ಬಿಡಿಸಿ ಎತ್ತಿ, ಒಬ್ಬರು ಕೂತು ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಬೇಕು, ಇನ್ನೊಬ್ಬರು ಎಣ್ಣೆ ಡಬ್ಬಿಯಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ನೋಡುತ್ತಿರಬೇಕು. ಚಕ್ರ ಗಾಳಿಯಲ್ಲಿರುವಾಗ ಮಕ್ಕಳೂ ತಿರುಗಿಸಬಲ್ಲ ಕೆಲಸ ಅದು.

"ತಿರುಗಿಸೋದು ನಾನು," ಎಂದು ಭಾವ ಎದ್ದರು.

ಸೊಂಟ ಹಿಡಿದು ಎತ್ತಿ ಸೀಟಿನಲ್ಲಿ ಕೂರಿಸಿದೆ. ಎರಡೂ ಕೈಗಳನ್ನು ಎತ್ತಿ ಸ್ಟೀರಿಂಗಿನ ಮೇಲೆ ನಾನೇ ಇಟ್ಟೆ. ಅವರು ಎದುರಿನ ಗಾಜನ್ನೇ ನೋಡುತ್ತ ಇಡಿಸಿಕೊಂಡರು. ನಾನು ಮುಂದಕ್ಕೆ ಹೋದೆ. ಬಾನೆಟ್ ತೆರೆದಿತ್ತು, ನನಗೆ ಅವರು ಕಾಣುತ್ತಿರಲಿಲ್ಲ, ಅವರಿಗೆ ನಾನು ಕಾಣುತ್ತಿರಲಿಲ್ಲ.

"ಒಂದು," ಎಂದರು. ಚಕ್ರ ನಿಧಾನವಾಗಿ ಹೊರಳಿತು. ಡಬ್ಬಿಯಲ್ಲಿ ಎಣ್ಣೆ ಅಲುಗಾಡಿ ಗುಳ್ಳೆಗಳು ಎದ್ದವು. "ಎರಡು." ಮತ್ತೆ ಎದ್ದವು. ಮೂರನೆಯದಕ್ಕೆ ಚಕ್ರ ಪೂರ್ತಿ ಹೋಗಲಿಲ್ಲ. ನಾಲ್ಕಕ್ಕೆ ಅರ್ಧ. "ಐದು," ಎಂದಾಗ ಟೈರು ಒಂದು ಬೆರಳಷ್ಟು ಅಲುಗಿ ನಿಂತಿತು.

"ಆರು," ಎಂದರು ಭಾವ.

ಚಕ್ರ ನಿಂತಲ್ಲೇ ಇತ್ತು. ಎಣ್ಣೆ ಕೂಡ ಅಲುಗಲಿಲ್ಲ.

"ಏಳು." ಉಸಿರು ಎಳೆದುಕೊಳ್ಳುವ ಸದ್ದು ಬಾನೆಟ್ಟಿನ ಈಚೆಗೂ ಕೇಳಿಸಿತು. ಸಾಕು ಎಂದು ಕೂಗಲೇ ಅಂದುಕೊಂಡೆ. ಕೂಗಿದರೆ ಚಕ್ರ ನಿಂತದ್ದನ್ನು ನಾನು ನೋಡಿದ್ದೇನೆ ಎಂದಾಗುತ್ತದೆ. ನನ್ನ ಕೈ ಅವರ ಕೈಯಾಗುವಂತಿದ್ದರೆ ಅಲ್ಲೇ ಕಡಿದು ಕೊಟ್ಟುಬಿಡುತ್ತಿದ್ದೆ. ಸಾವಿರ ಗಾಡಿ ರಿಪೇರಿ ಮಾಡಿದ ನಾನು ಡಬ್ಬಿಯ ಅಂಚು ಹಿಡಿದುಕೊಂಡು ಅಲುಗದ ಎಣ್ಣೆಯನ್ನೇ ನೋಡುತ್ತಿದ್ದೆ.

ಎಂಟು, ಒಂಬತ್ತು, ಹತ್ತು. ಒಂದೂ ಬಿಡದೆ, ಪ್ರತಿಯೊಂದಕ್ಕೂ ಚಕ್ರ ಈ ತುದಿಯಿಂದ ಆ ತುದಿಗೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೊಟ್ಟು, ಭಾವ ಎಣಿಸುತ್ತಲೇ ಹೋದರು. ಹದಿನೈದಕ್ಕೆ ದನಿ ನಡುಗಿತು, ಹದಿನೆಂಟಕ್ಕೆ ಸರಿಯಾಯಿತು.

"ಇಪ್ಪತ್ತು," ಎಂದರು. "ಗುಳ್ಳೆ ನಿಂತ್ವಾ?"

"ನಿಂತ್ವು ಭಾವ," ಎಂದೆ.

"ಹಂಗಾದ್ರೆ ನನ್ನ ಇಳಿಸು, ಬಾ."

ಡಬ್ಬಿಯ ಮುಚ್ಚಳ ತಿರುಗಿಸಿದೆ. ಇನ್ನು ಬಾನೆಟ್ ಇಳಿಸಬೇಕಿತ್ತು. ಇಳಿಸಿದರೆ ಅವರ ಮುಖ ಕಾಣುತ್ತದೆ ಎಂದು ಅದನ್ನು ಹಿಡಿದುಕೊಂಡು ಹಾಗೇ ನಿಂತಿದ್ದೆ.