ಸರಾಸರಿಗೆ ಸೇರದ ಒಂಬತ್ತು

"ಅಲ್ಲೇ ನಿಲ್ಲು. ಕೈ ತೊಳ್ಕೊಂಡು ಬಾ ಮೊದ್ಲು. ಕಕ್ಕಸು ಉಜ್ಜಿದ ಕೈಲಿ ಸರ್ಕಾರದ ಕಾಗದ ಮುಟ್ತೀಯಾ?"

"ತೊಳ್ಕೊಂಡೇ ಬಂದೆ ಸಾರ್."

"ಇನ್ನೊಂದ್ಸಲ ತೊಳ್ಕೊ. ನೀರಿಗೇನು ಬರ ಬಂದಿದೆಯಾ?"

ಆಯಾ ಹೊರಗೆ ಹೋಗಿ ನಲ್ಲಿಯ ಕೆಳಗೆ ಮತ್ತೆ ಕೈ ಹಿಡಿದಳು. ಬಣ್ಣದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ನೂಲಿನ ಲಡಿ ಅದ್ದಿದ ಕೈ ಅದು. ದಮ್ಮು ಹತ್ತಿದ ಮೇಲೆ ಅಲ್ಲಿಂದ ಕಳಿಸಿದರು. ಸ್ಕೂಲಿನಲ್ಲಿ ಗುಡಿಸುವ ಕೆಲಸ ಸಿಕ್ಕಿ ಮೂರು ವರ್ಷವಾಗಿತ್ತು. ಉಗುರಿನ ಬುಡದ ನೀಲಿ ಮಾತ್ರ ಇನ್ನೂ ಹೋಗಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಳು.

ಹೆಡ್‌ಮಾಸ್ತರು ಮೇಜಿನ ಮೇಲೆ ಕಾಗದಗಳ ಸಣ್ಣ ಕಟ್ಟೊಂದನ್ನು ಅವಳ ಕಡೆ ತಳ್ಳಿದರು.

"ಒಂಬತ್ತಿದೆ. ಎಲ್ಲಾ ನಿಮ್ಮ ಸಾಲುಮನೆ ಮಕ್ಕಳವೇ. ನಿನ್ನ ಮಗಳದ್ದೂ ಸೇರಿದೆ. ಮನೆಮನೆಗೆ ಹೋಗಿ ಅಪ್ಪನದೋ ಅಮ್ಮನದೋ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ. ನಾಳೆ ಬೆಳಿಗ್ಗೆ ನನ್ನ ಮೇಜಿನ ಮೇಲಿರಬೇಕು."

"ಏನು ಬರ್ದಿದೆ ಸಾರ್ ಇದ್ರಲ್ಲಿ?"

"ಯಾಕೆ, ಓದಿ ತಿದ್ದುಪಡಿ ಮಾಡ್ತೀಯಾ?" ಪಕ್ಕದಲ್ಲಿ ಕೂತಿದ್ದ ಗಣಿತದ ಮೇಷ್ಟ್ರು ನಕ್ಕರು. ಹೆಡ್‌ಮಾಸ್ತರು ನಗಲಿಲ್ಲ. "ಮಕ್ಕಳಿಗೆ ವಿಶೇಷ ಸವಲತ್ತು ಬರುತ್ತೆ ಅಂತ ಹೇಳು. ನಿನ್ನ ಮಾತು ಕೇಳ್ತಾರೆ ಅಂತಲೇ ನಿನ್ನ ಕೈಲಿ ಕೊಟ್ಟಿರೋದು."

ಸಂಜೆ ಕಾರ್ಖಾನೆಯ ಮೊದಲ ಪಾಳಿ ಬಿಟ್ಟ ಮೇಲೆ ಅವಳು ಸಾಲುಮನೆಯ ಬಾಗಿಲು ಬಾಗಿಲಿಗೂ ಹೋದಳು. ಆಫೀಸಿನಿಂದ ತಂದ ಶಾಯಿ ಡಬ್ಬಿ ಒಂದು ಕೈಯಲ್ಲಿ, ಕಾಗದದ ಕಟ್ಟು ಇನ್ನೊಂದು ಕೈಯಲ್ಲಿ. ಯಾರೂ ಹೆಚ್ಚು ಕೇಳಲಿಲ್ಲ. ಕೇಳಿದವರಿಗೆ ಸವಲತ್ತು ಎಂದಳು. ಮೊಮ್ಮಗಳನ್ನು ಸಾಕುತ್ತಿದ್ದ ಮುದುಕಪ್ಪನ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಬಣ್ಣದ ತೊಟ್ಟಿಯ ಔಷಧಿ ಅವನ್ನು ತಿಂದುಹಾಕಿತ್ತು. ಎಷ್ಟು ಒತ್ತಿದರೂ ಕಾಗದದ ಮೇಲೆ ಒಂದು ಮಸಿ ಮುದ್ದೆ ಬಿತ್ತು.

"ಇದು ನಡೆಯುತ್ತಾ ತಾಯಿ?"

"ನಡೆಯುತ್ತೆ ತಾತ."

ಪಕ್ಕದ ಮನೆಯ ಅಕ್ಕ ಆಗಷ್ಟೇ ಕೆಲಸದಿಂದ ಬಂದಿದ್ದಳು. ಮೊಣಕೈವರೆಗೂ ಕೆಂಪು. ಶಾಯಿ ಡಬ್ಬಿ ನೋಡಿ, "ನಂಗ್ಯಾಕೆ ಇದು? ಹಾಗೇ ಒತ್ತಿದ್ರೂ ಮೂಡುತ್ತೆ," ಎಂದು ಒತ್ತಿಯೇಬಿಟ್ಟಳು. ಕಾಗದದ ಮೇಲೆ ಕೆಂಪು ಹೆಬ್ಬೆಟ್ಟು ಮೂಡಿತು. ಇಬ್ಬರೂ ನಕ್ಕರು. "ಸವಲತ್ತು ಅಂದ್ರೆ ಏನು ಕೊಡ್ತಾರಂತೆ? ಬೂಟು ಕೊಟ್ಟರೆ ಒಂದು ನಂಬರ್ ದೊಡ್ಡದು ಕೇಳೇ. ನನ್ನ ಮಗಂದು ಕಾಲಲ್ಲ, ಹಲಗೆ."

ಎಂಟು ಹೆಬ್ಬೆಟ್ಟು ಮುಗಿಸಿ ಅವಳು ಮನೆಗೆ ಬಂದಾಗ ಗಂಡ ಗೋಡೆಗೆ ಒರಗಿ ಕಾಲು ಚಾಚಿದ್ದ. ಮಗಳು ಒಲೆಯ ಮುಂದೆ ಕೂತು ಪಾತ್ರೆಯ ಮುಚ್ಚಳ ಸರಿಸಿ ನೋಡುತ್ತಿದ್ದಳು. ಹತ್ತು ವರ್ಷ, ಐದನೇ ಕ್ಲಾಸು. ಸ್ಕೂಲಿನಲ್ಲಿ ಬಾಯಿ ಬಿಡದ ಹುಡುಗಿ. ಒಂದು ಸಲ ಪಾಠ ಓದುವಾಗ ತಡವರಿಸಿದ್ದಕ್ಕೆ ಮೇಷ್ಟ್ರು ಇಡೀ ಕ್ಲಾಸಿಗೆ ಅವಳ ಹಾಗೆ ಓದಿ ತೋರಿಸಿ ನಗಿಸಿದ್ದರು. ಅಂದಿನಿಂದ ಅಲ್ಲಿ ಅವಳ ಹೆಸರು ಮೂಗಿ. ಮನೆಯಲ್ಲಿ ಮಾತ್ರ ಅಂಗಡಿಯಿಂದ ಪೊಟ್ಟಣ ಕಟ್ಟಿಕೊಂಡು ಬಂದ ಪೇಪರನ್ನೂ ಬಿಡದೆ ಓದುತ್ತಿದ್ದಳು.

ಆಯಾ ತನ್ನ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡಳು. ಒತ್ತುವ ಮುಂಚೆ ಯಾಕೋ ಕೈ ತಡೆಯಿತು.

"ಏನು ಬರ್ದಿದೆ ನೋಡು ಇಲ್ಲಿ. ಏನು ಕೊಡ್ತಾರಂತೆ?"

ಹುಡುಗಿ ಕಾಗದವನ್ನು ದೀಪದ ಕಡೆ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು.

"ಪೋಷಕಳಾದ ನಾನು ತಿಳಿಸುವುದೇನೆಂದರೆ, ನನ್ನ ಮಗುವು ಬುದ್ದಿಮಾಂದ್ಯವಾಗಿದ್ದು..." ನಿಲ್ಲಿಸಿದಳು. "ಅವ್ವ, 'ಬುದ್ಧಿ'ಗೆ ಮಹಾಪ್ರಾಣ ಬರ್ಬೇಕು. ಇಲ್ಲಿ ತಪ್ಪು ಹಾಕಿದಾರೆ."

"ಅದು ಇರ್ಲಿ. ಮುಂದೆ ಓದು."

"ಓದಲು, ಬರೆಯಲು, ಸರಳ ಸೂಚನೆಗಳನ್ನು ಅರ್ಥ ಮಾಡಿಕೊಳ್ಳಲು ಅಸ... ಅಸಮರ್ಥವಾಗಿರುತ್ತದೆ. ಆದ್ದರಿಂದ ಮಗುವನ್ನು ಪರೀಕ್ಷೆಯಿಂದಲೂ ಶಾಲೆಯ ಸರಾಸರಿಯಿಂದಲೂ ಕೈಬಿಟ್ಟು, ಮುಂದಿನ ವರ್ಷದಿಂದ ವಿಶೇಷ ವಿಭಾಗದಲ್ಲಿ ಕೂರಿಸಲು ನನ್ನ ಪೂರ್ಣ ಒಪ್ಪಿಗೆ ಇದೆ." ಕೆಳಗೆ ಚುಕ್ಕಿ ಹಾಕಿದ ಜಾಗದಲ್ಲಿ ಪೆನ್ನಿನಿಂದ ಬರೆದಿದ್ದ ತನ್ನ ಹೆಸರನ್ನೂ ಓದಿದಳು.

ಒಲೆಯ ಮೇಲಿನ ಪಾತ್ರೆ ಉಕ್ಕಿತು. ಹುಡುಗಿಯೇ ಎದ್ದು ಮುಚ್ಚಳ ತೆಗೆದಳು.

"ಬುದ್ಧಿಮಾಂದ್ಯ ಅಂದ್ರೆ ಏನೇ?"

"ದಡ್ಡರಿಗಿಂತ ಕೆಳಗೆ ಇರ್ಬೇಕು," ಎಂದಳು ಮಗಳು. ತಾಯಿಯ ಮುಖ ನೋಡಲಿಲ್ಲ.

ಗಂಡ ಕಣ್ಣು ಮುಚ್ಚಿಕೊಂಡೇ ಹೇಳಿದ: "ಬರ್ಕೊಳ್ಲಿ ಬಿಡು. ಬರೆದ ತಕ್ಷಣ ಹಾಗಾಗಿಬಿಡ್ತಾಳಾ? ನಿನ್ನ ಕೆಲಸ ಉಳಿಸ್ಕೊ. ನನ್ನ ಕೈಲೂ ಇನ್ನು ಎಷ್ಟು ದಿನ ಆಗುತ್ತೋ."

ಅವನ ಮಾತಿನಲ್ಲಿ ಕೋಪವಿರಲಿಲ್ಲ. ಆಯಾ ಎದ್ದು ಹೆಬ್ಬೆರಳಿನ ಶಾಯಿಯನ್ನು ಗೋಡೆಗೆ ಉಜ್ಜಿದಳು. ಪೂರ್ತಿ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಕಸ ಗುಡಿಸುವ ಮೊದಲೇ ಹೆಡ್‌ಮಾಸ್ತರ ಕೋಣೆಗೆ ಹೋದಳು. ಬರಿಗೈಲಿ.

"ಕಾಗದ ಎಲ್ಲಿ?"

"ಮನೇಲಿದೆ ಸಾರ್. ಅದ್ರಲ್ಲಿ ಬರ್ದಿರೋದು ಸುಳ್ಳು."

"ಯಾವನು ಹೇಳಿದ?"

"ನನ್ನ ಮಗಳು ಓದಿದ್ಲು."

ಹೆಡ್‌ಮಾಸ್ತರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದಳು. ಅವರು ಕಪಾಟಿನಿಂದ ಒಂದು ಹಾಳೆ ಹುಡುಕಿ ತೆಗೆದು ಅವಳ ಮುಂದೆ ಹಿಡಿದರು. ಹಾಳೆಯ ತುಂಬ ಉತ್ತರ ಗುರುತಿಸುವ ಸಣ್ಣ ಸಣ್ಣ ಸೊನ್ನೆಗಳು. ಕೆಲವಕ್ಕೆ ಮಾತ್ರ ಪೆನ್ಸಿಲಿನಿಂದ ಕಪ್ಪು ಬಳಿದಿತ್ತು.

"ನೋಡು, ಹೋದ ವರ್ಷದ್ದು. ನಿನ್ನ ಮಗಳದ್ದೇ. ಎಲ್ಲಾ ಸ್ಕೂಲಿಗೂ ಒಂದೇ ಪ್ರಶ್ನೆ, ಮಿಷನ್ನು ತಿದ್ದೋದು. ನಲವತ್ತಕ್ಕೆ ಒಂಬತ್ತು. ಇದನ್ನ ನೋಡು: ನೀರಿನ ಬಣ್ಣ ಯಾವುದು? ಕೆಂಪು, ನೀಲಿ, ಹಸಿರು, ಬಣ್ಣವಿಲ್ಲ. ನಿನ್ನ ಮಗಳು ಮೊದಲ ಮೂರೂ ತುಂಬಿದಾಳೆ. ಎರಡು ತುಂಬಿದ್ರೇ ಮಿಷನ್ನು ಸೊನ್ನೆ ಕೊಡುತ್ತೆ."

ಆಯಾ ಆ ಮೂರು ಕಪ್ಪು ಚುಕ್ಕೆಗಳನ್ನು ನೋಡಿದಳು. ಒಂದೂ ಗೆರೆ ದಾಟಿರಲಿಲ್ಲ, ನೀಟಾಗಿ ತುಂಬಿದ್ದಳು.

"ನಮ್ಮ ಮನೆ ಹಿಂದಿನ ಮೋರಿಲಿ ಅದೇ ಸಾರ್ ಹರಿಯೋದು. ಕಾರ್ಖಾನೇಲಿ ಅವತ್ತು ಏನು ಅದ್ದಿದ್ರೋ ಆ ಬಣ್ಣ. ಅವಳು ಕಂಡಿದ್ದು ಹಾಕಿದಾಳೆ."

"ಅದನ್ನ ಹೋಗಿ ಮಿಷನ್ನಿಗೆ ಹೇಳು." ಹಾಳೆಯನ್ನು ಕಸಿದುಕೊಂಡರು. "ಎರಡು ವರ್ಷದಿಂದ ನಮ್ಮ ಸರಾಸರಿ ಕೆಳಗಿದೆ. ಈ ವರ್ಷವೂ ಬಿದ್ರೆ ಸ್ಕೂಲು ಮುಚ್ತಾರೆ. ಆಮೇಲೆ ಯಾವ ಕಕ್ಕಸು ತೊಳೀತೀಯಾ? ಮುಂದಿನ ಸಾಲಿನ ಮಕ್ಕಳು ಕಷ್ಟಪಟ್ಟು ಓದಿ ಮೇಲೆ ತರೋದು, ನಿಮ್ಮ ಒಂಬತ್ತು ಜನ ಕಾಲು ಹಿಡಿದು ಎಳೆಯೋದು."

"ಮುಂದಿನ ಸಾಲಿನೋರಿಗೆ ಸಂಜೆ ಕೂರಿಸ್ಕೊಂಡು ಹೇಳ್ಕೊಡ್ತೀರಿ. ನಮ್ಮೋರ ಕೈಲಿ ಆ ಹೊತ್ನಲ್ಲಿ ಬೆಂಚು ಒರೆಸಿಸ್ತೀರಿ. ನಾನೇ ಬಟ್ಟೆ ಕೊಡೋದು ಸಾರ್."

"ಬಾಯಿ ಮುಚ್ಚು ಮುಂಡೇದೇ." ಈಗ ಅವರ ದನಿ ಏರಿತು. ಮತ್ತೆ ತಾನಾಗಿಯೇ ಇಳಿಯಿತು. "ಈ ಒಂಬತ್ತು ಹೆಸರು ಬಿಟ್ಟು ಪರೀಕ್ಷೆಯ ಪಟ್ಟಿ ಮೊನ್ನೆಯೇ ಮೇಲಿನ ಆಫೀಸಿಗೆ ಹೋಗಿದೆ. ಆ ಹೆಬ್ಬೆಟ್ಟು ಬರೀ ಫೈಲಿಗೆ. ನೀನು ತರದಿದ್ರೆ ನಾನೇ ಒತ್ತಿಸ್ತೀನಿ. ಯಾರ ಬೆರಳು ಅಂತ ಯಾವನು ಬಂದು ನೋಡ್ತಾನೆ? ಹೋಗು. ಹುಡುಗರ ಕಡೆ ಕಕ್ಕಸು ನಾರ್ತಿದೆ."

ಅವಳು ಹೋಗಿ ತೊಳೆದಳು. ಅದು ನಿಜವಾಗಿ ನಾರುತ್ತಿತ್ತು.

ಅಂದು ಸಂಜೆ ಎಂಟು ಮನೆಗೂ ಮತ್ತೆ ಹೋಗಬೇಕಾಯಿತು. ಮೊದಲ ದಿನ ಹಗುರವಾಗಿದ್ದ ಕಾಗದದ ಕಟ್ಟನ್ನು ಈಗ ಹಿಡಿದುಕೊಂಡು ನಿಲ್ಲುವುದೇ ಕಷ್ಟವಾಗಿತ್ತು. ಅದರಲ್ಲಿ ಏನು ಬರೆದಿದೆ ಎಂದು ಹೇಳಿ ಕಾಗದವನ್ನು ಅವರವರ ಕೈಗೇ ಕೊಟ್ಟಳು. ಪಟ್ಟಿ ಆಗಲೇ ಹೋಗಿದೆ ಎಂಬುದನ್ನೂ ಹೇಳಿದಳು. ಮುದುಕಪ್ಪ ಕಾಗದವನ್ನು ಮಡಚಿ ಮಡಚಿ ಸಣ್ಣದು ಮಾಡಿದ. ಅಕ್ಕ ಮಾತ್ರ ಸುಮ್ಮನೆ ಬಿಡಲಿಲ್ಲ.

"ನಿನ್ನ ಕೈ ಸೇದಿಹೋಗ. ನನ್ನ ಮಗನ್ನ ಹುಚ್ಚ ಅಂತ ಬರೆಸೋಕೆ ನನ್ನ ಕೈಲೇ ಒತ್ತಿಸ್ಕೊಂಡು ಹೋದ್ಯಾ?"

"ನಂಗೊತ್ತಿರ್ಲಿಲ್ಲ ಅಕ್ಕ."

"ಗೊತ್ತಿಲ್ಲದೆ ಯಾಕೆ ಬಂದೆ? ಆ ಬೋಳಿಮಗ ಬಂದಿದ್ರೆ ಏನಿದು ಅಂತಾದ್ರೂ ಕೇಳ್ತಿದ್ದೆ ನಾನು. ನಮ್ಮೋಳು ಅಂತ ಒತ್ತಿದೆ."

ಆಯಾ ನಿಂತೇ ಇದ್ದಳು. ಅಕ್ಕ ಬೈದು ಬೈದು ಸುಸ್ತಾಗಿ ಹೊಸ್ತಿಲ ಮೇಲೆ ಕೂತಳು. ಅಲ್ಲಿಂದಲೇ ಹೇಳಿದಳು: "ನನ್ನ ಮಗನಿಗೆ ನಿಜವಾಗ್ಲೂ ಓದೋಕೆ ಬರಲ್ಲ ಕಣೆ. ನಿನ್ನ ಮಗಳ ಹಾಗಲ್ಲ ಅವನು. ಆದ್ರೆ ಬರಲ್ಲ ಅಂತಲೇ ತಾನೆ ಸ್ಕೂಲಿಗೆ ಹಾಕಿದ್ದು? ಬರ್ತಿದ್ರೆ ಯಾಕೆ ಕಳಿಸ್ತಿದ್ದೆ?"

ಪರೀಕ್ಷೆಯ ದಿನ ಆ ಒಂಬತ್ತು ಮಕ್ಕಳು ಮನೆಯಲ್ಲೇ ಇರಬೇಕೆಂದು ಮೇಷ್ಟ್ರು ಹೇಳಿ ಕಳಿಸಿದ್ದರು. ಮಧ್ಯಾಹ್ನ ಪರೀಕ್ಷೆಯ ಹೊತ್ತಿಗೆ ಒಂಬತ್ತು ಮಕ್ಕಳೂ ತಲೆ ಬಾಚಿಕೊಂಡು ಬಂದವು. ಎರಡನೇ ಪಾಳಿಯ ದೊಡ್ಡವರು ನಾಲ್ಕೈದು ಜನ ಜೊತೆಗೆ ಬಂದರು. ಅಕ್ಕ ಒಂದು ಪಾಳಿ ಬಿಟ್ಟು ಬಂದಿದ್ದಳು. ಮುದುಕಪ್ಪ ಮೊಮ್ಮಗಳ ಪೆನ್ಸಿಲನ್ನು ತನ್ನ ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ.

ಪರೀಕ್ಷೆ ನಡೆಸಲು ಮೇಲಿನ ಆಫೀಸಿನಿಂದ ಬಂದ ಸಾಹೇಬರಿಗೆ ನೆಗಡಿಯಾಗಿತ್ತು. ದೊಡ್ಡ ಕೋಣೆಯ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಕರವಸ್ತ್ರದಿಂದ ಮೂಗು ಒರೆಸಿಕೊಂಡು ಪಟ್ಟಿ ತಿರುವಿದರು.

"ಈ ಒಂಬತ್ತು ಹೆಸರು ಇದ್ರಲ್ಲಿ ಇಲ್ಲಮ್ಮ. ಪ್ರಶ್ನೆಪತ್ರಿಕೆ ತಲೆ ಎಣಿಸಿ ಕಳಿಸ್ತಾರೆ. ನಾನೆಲ್ಲಿಂದ ತರ್ಲಿ?"

"ಅವ್ರು ಸುಳ್ಳು ಬರೆದು ತೆಗೆಸಿದಾರೆ ಸಾರ್," ಎಂದಳು ಆಯಾ.

"ಇರಬಹುದು. ಅರ್ಜಿ ಕೊಡಿ. ಇವತ್ತು ನನ್ನ ಕೈಲೇನಿಲ್ಲ." ಮತ್ತೆ ಕಟ್ಟು ನೋಡಿ, "ಒಂದು ಹೆಚ್ಚಿಗೆ ಇದೆ. ಹರಿದುಗಿರಿದು ಹೋದ್ರೆ ಅಂತ ಇಟ್ಟಿರೋದು. ಬೇಕಾದ್ರೆ ಒಂದು ಮಗು ಕೂತ್ಕೊಳ್ಲಿ."

ಹೆಡ್‌ಮಾಸ್ತರು ತಡಮಾಡಲಿಲ್ಲ. "ಇವಳ ಮಗಳನ್ನೇ ಕೂರಿಸಿ ಸಾರ್. ಚೆನ್ನಾಗಿ ಓದ್ತಾಳೆ ಅವಳು." ಆಯಾಳ ಕಡೆ ತಿರುಗಿ ದನಿ ತಗ್ಗಿಸಿದರು. "ಸಮಾಧಾನ ಆಯ್ತಾ? ಮಿಕ್ಕೋರನ್ನ ಕರ್ಕೊಂಡು ಹೊರಡು ಈಗ."

ಮಗಳು ಆಗಲೇ ಒಂದು ಕಾಲನ್ನು ಹೊಸ್ತಿಲ ಒಳಗೆ ಇಟ್ಟಿದ್ದಳು.

ಆಯಾ ಅಕ್ಕನ ಕಡೆ ನೋಡಿದಳು. ಅಕ್ಕ ಬೇರೆಲ್ಲೋ ನೋಡುತ್ತಿದ್ದಳು. ಅಕ್ಕನ ಮಗ ಆಯಾಳ ಮಗಳ ಬೆನ್ನಿಗೆ ಅಂಟಿ ನಿಂತಿದ್ದ. ಅವಳ ಹಿಂದೆಯೇ ತಾನೂ ಒಳಗೆ ಹೋಗುವುದು ಎಂದುಕೊಂಡಿದ್ದನೇನೋ. ಮುದುಕಪ್ಪ ಜೇಬಿನಿಂದ ಪೆನ್ಸಿಲು ತೆಗೆಯಲು ಹೋದವನು ಕೈ ಹಾಗೇ ಬಿಟ್ಟಿದ್ದ.

ಆಯಾ ಮಗಳ ರಟ್ಟೆ ಹಿಡಿದಳು.

"ಒಂಬತ್ತು ಕೊಡಿ ಸಾರ್. ಇಲ್ದಿದ್ರೆ ಇದೂ ಬೇಡ."

"ಅವ್ವ," ಎಂದಳು ಮಗಳು.

"ಬೇಡ ಅಂದ್ನಲ್ಲ."

"ನಂಗೆ ಬರ್ತಿತ್ತವ್ವ."

"ಗೊತ್ತು."

ಮಗಳು ಕೈ ಕೊಸರಿಕೊಂಡಳು. ಅಳಲಿಲ್ಲ. ಹೋಗಿ ಸಾಲಿನ ಆ ತುದಿಯಲ್ಲಿ ನಿಂತಳು.

ಹೆಡ್‌ಮಾಸ್ತರು ಗಡಿಯಾರ ನೋಡಿದರು. "ಹೊತ್ತಾಯ್ತು. ಗಂಟೆ ಹೊಡಿ."

ಆ ಸ್ಕೂಲಿನಲ್ಲಿ ಗಂಟೆ ಹೊಡೆಯುವುದು ಆಯಾಳ ಕೆಲಸ. ಅವಳು ಕದಲಲಿಲ್ಲ.

"ನಿಂಗೇ ಹೇಳಿದ್ದು. ಕಿವಿ ಹೋಯ್ತಾ?"

"ನೀವೇ ಹೊಡ್ಕೊಳ್ಳಿ ಸಾರ್. ನಂಗೆ ಕೈಲಾಗಲ್ಲ."

"ಇವತ್ತೇ ಕೊನೆ ನಿಂಗೆ ಇಲ್ಲಿ. ತಿಳ್ಕೊ."

ಅವರೇ ಹೋಗಿ ಹೊಡೆದರು. ಬಾಗಿಲು ಮುಚ್ಚಿತು. ಒಳಗೆ ಹಾಳೆ ತಿರುವುವ ಸದ್ದು ಕೇಳಿತು. ಆಮೇಲೆ ಅದೂ ಇಲ್ಲ. ಎರಡನೇ ಪಾಳಿಯ ಸೈರನ್ ಕೂಗಿದಾಗ ದೊಡ್ಡವರು ಒಬ್ಬೊಬ್ಬರಾಗಿ ಎದ್ದು ಹೊರಟರು. ಅಕ್ಕ ಹೋಗಲಿಲ್ಲ. ಮುದುಕಪ್ಪ ಕಂಬಕ್ಕೆ ಒರಗಿ ತೂಕಡಿಸಿದ. ಒಂಬತ್ತು ಮಕ್ಕಳು ಕಾಲು ನೋವು ಬಂದು ಬಾಗಿಲ ಎದುರಿಗೇ ನೆಲದ ಮೇಲೆ ಕೂತುಬಿಟ್ಟವು. ಮನೆಗೆ ಹೋಗಿ ಎಂದು ಯಾರೂ ಹೇಳಲಿಲ್ಲ.

ಎರಡು ಗಂಟೆಯ ಮೇಲೆ ಬಾಗಿಲು ತೆರೆಯಿತು. ಒಳಗಿನ ಮಕ್ಕಳು ನಾ ಮುಂದು ತಾ ಮುಂದು ಎಂದು ಎದ್ದು ನಿಂತಿದ್ದವು. ಎಲ್ಲರಿಗಿಂತ ಮುಂದೆ ಸಾಹೇಬರು, ಅರಗಿನ ಮುದ್ರೆ ಒತ್ತಿದ ಚೀಲವನ್ನು ಎದೆಗೆ ಅವುಚಿಕೊಂಡು. ಕೆಳಗೆ ನೋಡಿದರು. ಬಾಗಿಲ ಅಗಲಕ್ಕೂ ಮಕ್ಕಳು ಕೂತಿದ್ದವು. ಅವುಗಳ ನಡುವೆ ಒಬ್ಬರು ಕಾಲಿಡುವಷ್ಟು ಜಾಗ ಮಾತ್ರ ಬಿಟ್ಟಿತ್ತು.

"ಸ್ವಲ್ಪ ದಾರಿ ಬಿಡಿಸಮ್ಮ," ಎಂದರು ಸಾಹೇಬರು. ಮೂಗು ಕಟ್ಟಿದ ದನಿ. "ಹೊರಗೆ ಗಾಡಿ ಕಾಯ್ತಿದೆ."

ಆಯಾ ಎದ್ದು ಬಂದಳು. ಉಬ್ಬಸ ಕಳೆಯಲು ಒಂದು ಕ್ಷಣ ಗೋಡೆ ಹಿಡಿದು ನಿಂತಳು. ಆಮೇಲೆ ಆ ಉಳಿದ ಜಾಗದಲ್ಲಿ ಮೆಲ್ಲಗೆ ಕೂತು ಕಾಲು ಚಾಚಿದಳು. ಆ ತುದಿಯಲ್ಲಿದ್ದ ಮಗಳು ಅವಳ ಕಡೆ ತಿರುಗಲಿಲ್ಲ. ಕೂತ ಜಾಗದಿಂದ ಏಳಲೂ ಇಲ್ಲ.

ಸಾಹೇಬರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು.