ಅಫ್ತಾಬನ ಪಾಸ್‌ಪೋರ್ಟ್

ಅಫ್ತಾಬ ಬಟ್ಟೆಗಳನ್ನು ಚೀಲಕ್ಕೆ ತುರುಕುವುದನ್ನು ಕಂಡು ಹೆಂಡತಿ ಮುಬೀನಾ ಎಲ್ಲಿಗೆಂದು ಕೇಳಿದಳು.

"ಗಲ್ಫಿಗೆ ಹೊಂಟೀನಿ. ಸೃಜನ್ ಸಾಹೇಬ್ರು ಟಿಕೆಟ್ ಕಳಿಸ್ಯಾರ. ಸಂಜಿಗೆ ವಿಮಾನ."

ವಿಜಯಪುರ ಬಿಟ್ಟು ಬಂದು ಧಾರಾವಿಯಲ್ಲಿ ಸಂಸಾರ ಹೂಡಿದ್ದ ಅಫ್ತಾಬ ಪರೇಲಿನ ಶೇರು ವ್ಯಾಪಾರಿ ಸೃಜನನ ಕಾರು ಓಡಿಸುತ್ತಿದ್ದ. ಧಣಿ ತೋರಿಸಿದಲ್ಲೆಲ್ಲ ಸಹಿ ಹಾಕಿದ್ದ. ಹಾಗೆ ಅವನ ಹೆಸರಲ್ಲೊಂದು ಶೇರು ಖಾತೆ ತೆರೆದಿತ್ತು. ಆಮೇಲೆ ಸೃಜನ್ ಗಲ್ಫಿಗೆ ಹೋಗಿ ಕೂತು, ಅಲ್ಲಿ ಗುಟ್ಟಾಗಿ ತೆರೆದ ತನ್ನ ಕಂಪನಿಯಿಂದ ಮಾರಿ, ಇಲ್ಲಿ ಅಫ್ತಾಬನ ಹೆಸರಲ್ಲಿ ಕೊಂಡು, ಯಾರಿಗೂ ಬೇಡದ ಶೇರೊಂದರ ಬೆಲೆ ಏರಿಸಿದ. ಜನ ಮುಗಿಬಿದ್ದಾಗ ಎಲ್ಲ ಮಾರಿಬಿಟ್ಟ. ಮುಳುಗಿದವರಲ್ಲಿ ಮುಬೀನಾಳ ಅಪ್ಪ ಅಮೀರಸಾಬನೂ ಇದ್ದ. ಆ ಶೇರು ಏರುತ್ತದೆಂದು ಧಣಿ ಕಾರಿನಲ್ಲಿ ಆಡಿದ್ದ ಮಾತನ್ನು ಕೇಳಿಸಿಕೊಂಡು ಅಳಿಯನೇ ಅವನ ಕಿವಿಗೆ ಹಾಕಿದ್ದ. ಶೇರು ಮಾರುಕಟ್ಟೆಯ ತನಿಖೆಯವರಿಗೆ ಸಿಕ್ಕಿದ್ದು ಮಾತ್ರ ಅಫ್ತಾಬನ ಹೆಸರು.

"ಓಡಿ ಹೋದ್ರ ಎಲ್ಲಾ ನೀವ ಮಾಡಿದ್ದು ಅಂತಾರ್ರಿ."

"ಇಲ್ಲಿದ್ರ ಜೇಲು. ಅಲ್ಲಿ ಯಾರೂ ಮುಟ್ಟೂದಿಲ್ಲ ಅಂದಾರ."

"ಯಾರನ್ನ? ನಿಮ್ಮನ್ನೋ, ಅವ್ರನ್ನೋ?"

ಅವನು ಟವೆಲ್ಲು ಎಳೆದುಕೊಂಡು ಸ್ನಾನಕ್ಕೆ ಹೋದ. ಮುಬೀನಾ ಚೀಲದಿಂದ ಪಾಸ್‌ಪೋರ್ಟ್ ತೆಗೆದು ಬುರ್ಖಾದೊಳಗೆ ಸೇರಿಸಿ, ಓಡಿಹೋಗಿ ರಿಕ್ಷಾ ಹಿಡಿದಳು.

ತನಿಖೆಯ ಕಚೇರಿಯಲ್ಲಿ ಕಾವಲಿನವರು ಒಳಗೆ ಬಿಡಲಿಲ್ಲ. ಅವಳು ಬಾಗಿಲಲ್ಲೇ ಕೂತು ಅಳತೊಡಗಿದಳು. ಹಿಂದೊಮ್ಮೆ ಅಫ್ತಾಬನನ್ನು ವಿಚಾರಿಸಿದ್ದ ಉಡುಪಿಯ ಅಧಿಕಾರಿ ಜ್ಯೋತ್ಸ್ನಾ ಕೆಳಗಿಳಿದು ಬಂದಳು.

"ಇದನ್ನ ಇಟ್ಕೋರಿ ಮೇಡಂ. ಅವ್ರು ಹೋಗಬಾರ್ದು."

"ನಾನು ಇಟ್ಕೊಳ್ಳುವ ಹಾಗಿಲ್ಲ. ಅವರೇ ಬಂದು ಹೇಳಿಕೆ ಕೊಡ್ಬೇಕು. ಶೇರು ಮಾರಿದ ಗಲ್ಫಿನ ಆ ಕಂಪನಿ ಯಾರದ್ದು ಅಂತ ಅಲ್ಲಿನ ಸರ್ಕಾರಕ್ಕೆ ಬರೆದು ಕೂತಿದ್ದೇನೆ, ಉತ್ತರ ಇಲ್ಲ. ನಮ್ಮ ಕೈ ಅಲ್ಲಿಗೆ ಮುಟ್ಟುವುದಿಲ್ಲ ಮಾರಾಯ್ರೆ."

"ಮತ್ತ ಆ ಸೃಜನನ ಕೈ ಇಲ್ಲಿಗೆ ಹ್ಯಾಂಗ ಮುಟ್ಟಿತ್ರಿ?"

ಜ್ಯೋತ್ಸ್ನಾ ಪಾಸ್‌ಪೋರ್ಟನ್ನು ಅವಳ ಕೈಗೇ ಮರಳಿಸಿದಳು.

ಮುಬೀನಾ ಗಂಡನಿಗೆ ಫೋನ್ ಮಾಡಿ ತಾನೆಲ್ಲಿದ್ದೇನೆಂದು ಹೇಳಿದಳು. "ಪಾಸ್‌ಪೋರ್ಟ್ ಬೇಕಿದ್ರ ಇಲ್ಲಿಗೇ ಬರ್ರಿ."

ಅವನು ಬಂದ. ಕೆಂಡವಾಗಿದ್ದ. "ನನ್ನ ಕುತ್ತಿಗಿ ಕೊಯ್ದಿ ನೀ!" ಎಂದು ಕೈಯೆತ್ತಿದ. ಮುಬೀನಾ ಪಾಸ್‌ಪೋರ್ಟ್ ಮುಂದೆ ಹಿಡಿದಳು. "ತಗೋರಿ. ಹೋಗೂದಿದ್ರ ಹೋಗ್ರಿ. ಅಪ್ಪಾಗ ನಾ ಏನ್ ಹೇಳ್ಲಿ, ಅದೊಂದು ಹೇಳಿ ಹೋಗ್ರಿ." ಎತ್ತಿದ ಕೈ ಹಾಗೇ ಇಳಿಯಿತು. ಅವನು ಮೆಟ್ಟಿಲ ಮೇಲೆ ಕುಸಿದು ಮಗುವಿನಂತೆ ಬಿಕ್ಕಿದ. ಆಮೇಲೆ ಜ್ಯೋತ್ಸ್ನಾಳ ಹಿಂದೆ ಒಳಗೆ ಹೋದ. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ವಿಮಾನ ಹೊರಟುಹೋಗಿತ್ತು.

ಅಂದಿನಿಂದ ಅವನು ಹೆಂಡತಿಯೊಡನೆ ಮಾತು ಬಿಟ್ಟ. ತನಿಖೆಯವರು ತಡೆಹಿಡಿದಿದ್ದ ಅವನ ಬ್ಯಾಂಕ್ ಖಾತೆಗಳು ಬಂದ್ ಆಗಿಯೇ ಇದ್ದವು, ಪೊಲೀಸರೂ ಎರಡು ಸಲ ಕರೆದು ಕೂರಿಸಿಕೊಂಡರು. ಚರ್ಮದ ಗೋದಾಮಿನಲ್ಲಿ ಹೊರೆ ಹೊರುವ ಕೆಲಸ ಸಿಕ್ಕಿತು.

ಮಳೆಗಾಲ ಕಳೆದ ಮೇಲೆ ಜ್ಯೋತ್ಸ್ನಾಳ ಫೋನ್ ಬಂತು. ಪರದೇಶದ ಉತ್ತರ ಬಂದಿತ್ತು: ಕಂಪನಿ ಸೃಜನನದೇ. ಆದರೆ ಅವನು ಅದನ್ನು ಮುಚ್ಚಿ ಇನ್ನೊಂದು ದೇಶ ಸೇರಿದ್ದ.

"ಮುಂದೇನ್ರಿ ಮೇಡಂ?" ಅಫ್ತಾಬ ಕೇಳಿದ.

"ಆ ದೇಶಕ್ಕೆ ಬರೀಬೇಕು, ಮೊದಲಿಂದ. ನಿಮ್ಮ ಕೇಸು ಅಲ್ಲಿವರೆಗೆ ಮುಗಿಯುವುದಿಲ್ಲ."

ಅವನು ಫೋನಿಟ್ಟು, ಉಣ್ಣದೆ ಕೆಲಸಕ್ಕೆ ಹೊರಟ. ಮುಬೀನಾ ಊಟದ ಡಬ್ಬಿ ಹಿಡಿದು ಗಲ್ಲಿಯ ತುದಿಯವರೆಗೂ ಹಿಂದೆ ಓಡಿದಳು. ಅವನು ನಿಂತ. ಅವಳ ಮುಖ ನೋಡದೆಯೇ ಡಬ್ಬಿ ಇಸಿದುಕೊಂಡು ನಡೆದ.