ಆಕ್ಷೇಪಣೆ ಇದ್ದವರು ತಿಳಿಸಬಹುದು

"ವಿಳಾಸ ಎಲ್ಲಿದೆ ಸಾರ್?" ಎಂದು ಅವಳು ಕೇಳಿದ್ದು ಇದು ಮೂರನೇ ಸಲ.

ವಕೀಲರು ನಾಲ್ಕು ಪುಟದ ಆಕ್ಷೇಪಣೆಯನ್ನು ಅವಳ ಕಡೆಗೆ ತಿರುಗಿಸಿಟ್ಟು, ಕನ್ನಡಕವನ್ನು ಹಣೆಗೇರಿಸಿ ಕೂತಿದ್ದರು. ಇಪ್ಪತ್ತು ವರ್ಷದಿಂದ ಟ್ರೇಡ್‌ಮಾರ್ಕ್ ಕೆಲಸವನ್ನೇ ಮಾಡಿಕೊಂಡು ಬಂದವರು. ನಿಮ್ಮ ಅರ್ಜಿಗೆ ಯಾರೋ ಅಡ್ಡ ಬಂದಿದ್ದಾರೆ ಎಂದ ಕೂಡಲೇ ಜನರ ಮುಖ ಬಿಳಿಚಿಕೊಳ್ಳುವುದನ್ನು ನೋಡಿದ್ದರು, ಬಾಯಿಗೆ ಬಂದಂತೆ ಬೈಯುವುದನ್ನು ಕೇಳಿದ್ದರು. ಸೋಪಿನ ವ್ಯಾಪಾರಿಯೊಬ್ಬ ಕುರ್ಚಿ ಒದ್ದು ಹೋಗಿದ್ದೂ ಉಂಟು. ಈ ಹೆಂಗಸಿನ ಮುಖ ಮಾತ್ರ ಮೊರದಗಲ ಅರಳಿತ್ತು. ಅವರಿಗೆ ಇದರ ತಲೆಬುಡ ಹತ್ತಲಿಲ್ಲ.

"ಕೊನೇ ಪುಟದಲ್ಲಿದೆ ನೋಡಿ. ಅದು ಅವರ ವಕೀಲರ ವಿಳಾಸ."

"ಅವಳ ಮನೇದು?"

"ಮನೇದು ಯಾಕಮ್ಮ ಹಾಕ್ತಾರೆ? ಕಾಗದ ಪತ್ರ ವಕೀಲರಿಗೆ ತಲುಪಿದ್ರೆ ಆಯ್ತು."

ಅರಳಿದ ಮುಖ ಅಷ್ಟೇ ಬೇಗ ಬಾಡಿತು. ಪಾಪ, ಹನ್ನೆರಡು ವರ್ಷದ ಮೇಲೆ ತಂಗಿಯಿಂದ ಬಂದ ಮೊದಲ ಕಾಗದ. ಅದರಲ್ಲೂ ಊರು ಕೇರಿ ಇಲ್ಲ.

ಅವಳನ್ನು ಬೀದಿಯವರೆಲ್ಲ ಪಾಲಿಶಕ್ಕ ಎನ್ನುತ್ತಿದ್ದರು. ಅಕ್ಕತಂಗಿ ಇಬ್ಬರೂ ಸೇರಿ ಅಡುಗೆಮನೆಯ ಒಲೆಯ ಮೇಲೆ ಮೇಣ ಕರಗಿಸಿ, ಟರ್ಪೆಂಟೈನ್ ಬೆರೆಸಿ, ಕಪ್ಪು ಪುಡಿ ಕಲಸಿ ಶುರು ಮಾಡಿದ ಬೂಟ್ ಪಾಲಿಶ್ ಅದು. ಡಬ್ಬಿ ಮುಚ್ಚಳ ಅಚ್ಚು ಹಾಕುವವನು, "ಗುರುತು ಏನು ಹಾಕ್ಲಿ? ಹುಲಿಯಾ, ಸಿಂಹವಾ?" ಎಂದು ಕೇಳಿದಾಗ, ತಂಗಿ ಕಿಸಕ್ಕನೆ ನಕ್ಕು, ಪಾಲಿಶ್ ಮೆತ್ತಿದ್ದ ತನ್ನ ಬಲಗೈಯನ್ನು ಅವನ ಕಾಗದದ ಮೇಲೆ ಒತ್ತಿಬಿಟ್ಟಿದ್ದಳು. ಅಕ್ಕ ಬೈಯುತ್ತಲೇ ಪಕ್ಕದಲ್ಲಿ ತನ್ನದನ್ನೂ ಒತ್ತಿದಳು. ಒಂದು ದೊಡ್ಡದು, ಒಂದು ಚಿಕ್ಕದು. ಅಂಗಡಿಗಳಲ್ಲಿ ಜನ "ಎರಡು ಕೈ ಕೊಡಿ" ಎಂದೇ ಕೇಳತೊಡಗಿದರು. ಈಗ ಆ ಎರಡು ಕೈಯನ್ನು ನಂಬಿಕೊಂಡು ಹಿತ್ತಲ ಶೆಡ್ಡಿನಲ್ಲಿ ಒಂಬತ್ತು ಹೆಂಗಸರು ಕೆಲಸ ಮಾಡುತ್ತಿದ್ದರು.

ಹೋದ ವರ್ಷ ಅದೇ ಹಳದಿ ಬಣ್ಣದ ಡಬ್ಬಿಯಲ್ಲಿ "ಮೂರು ಕೈ ಪಾಲಿಶ್" ಬಂತು. ಇಬ್ಬರು ಅಂಗಡಿಯವರು ಅದನ್ನೇ ಇವಳ ಮಾಲೆಂದು ತಿಳಿದು ಇಟ್ಟುಕೊಂಡರು. "ಮುಂದಿನ ವರ್ಷ ನಾಲ್ಕು ಕೈ ಬರುತ್ತೆ, ಆಮೇಲೆ ಕಾಲೂ ಬರುತ್ತೆ, ಸುಮ್ನೆ ಹೋಗಿ ರಿಜಿಸ್ಟರ್ ಮಾಡ್ಸಕ್ಕ" ಎಂದು ಮೂಲೆಯಂಗಡಿಯವನು ಗದರಿದ ಮೇಲೆ ಅವಳು ಈ ವಕೀಲರ ಮೆಟ್ಟಿಲು ಹತ್ತಿದ್ದಳು. ಅರ್ಜಿ ತುಂಬುವಾಗ ಅವರು ಕೇಳಿದ್ದರು: ಈ ಗುರುತಿನ ಮೇಲೆ ಬೇರೆ ಯಾರದಾದರೂ ಹಕ್ಕಿದೆಯೇ? ಅವಳು ಕಿಟಕಿಯ ಕಡೆ ನೋಡುತ್ತ, "ಯಾರದೂ ಇಲ್ಲ" ಎಂದಿದ್ದಳು.

"ಯಾರದೂ ಇಲ್ಲ ಅಂತ ನನ್ನ ಮುಂದೆನೇ ಹೇಳಿದ್ರಲ್ಲಮ್ಮ!" ವಕೀಲರು ಈಗ ಕನ್ನಡಕ ಇಳಿಸಿದರು. "ಇಲ್ಲಿ ನೋಡಿದ್ರೆ ಚಿಕ್ಕ ಕೈ ತನ್ನದು ಅಂತಾರೆ. ಮೊದ್ಲೇ ಹೇಳಿದ್ದಿದ್ರೆ ಒಂದು ಒಪ್ಪಿಗೆ ಪತ್ರ ಬರೆಸ್ಕೊಂಡು ಬಿಡ್ತಿದ್ದೆ."

"ಯಾರ ಹತ್ರ ಬರೆಸ್ಕೊತಿದ್ರಿ? ಅವಳೆಲ್ಲಿದಾಳೆ ಅಂತ ಗೊತ್ತಿದ್ರೆ ತಾನೆ? ಚಿಕ್ಕಮ್ಮಂಗೆ ಗೊತ್ತು. ಆದ್ರೆ ಅಕ್ಕಂಗೆ ಹೇಳ್ಬೇಡ ಅಂತ ಆಣೆ ಮಾಡಿಸ್ಕೊಂಡಿದಾಳಂತೆ. ಬೇರೆ ಯಾವ ಗುಟ್ಟೂ ಚಿಕ್ಕಮ್ಮನ ಬಾಯಲ್ಲಿ ನಿಲ್ಲಲ್ಲ, ಇದೊಂದು ನಿಂತಿದೆ ನೋಡಿ."

"ಮತ್ತೆ ಅವರಿಗೆ ಹೇಗೆ ತಿಳೀತು? ಅರ್ಜಿ ಪ್ರಕಟವಾಗೋ ಈ ಸರ್ಕಾರಿ ಜರ್ನಲ್ಲನ್ನ ನಾವು ವಕೀಲರೇ ಸರಿಯಾಗಿ ಓದಲ್ಲ."

"ನಾನೇ ಚಿಕ್ಕಮ್ಮಂಗೆ ಫೋನ್ ಮಾಡಿ ಹೇಳ್ದೆ. ಎರಡೂ ಕೈ ನನ್ನ ಹೆಸರಿಗೇ ಮಾಡಿಸ್ಕೊತಾ ಇದೀನಿ, ಆಕ್ಷೇಪಣೆ ಇದ್ದೋರು ನಾಲ್ಕು ತಿಂಗಳೊಳಗೆ ಹೇಳ್ಬೋದಂತೆ ಅಂತ."

ವಕೀಲರು ಆಕ್ಷೇಪಣೆಯ ಮೊದಲ ಪುಟ ತಿರುಗಿಸಿ ತಾರೀಕು ನೋಡಿದರು.

"ಕರೆದ್ರೆ ಅವಳು ಬರಲ್ಲ ಸಾರ್. ಕಿತ್ಕೊಂಡ್ರೆ ಬರ್ತಾಳೆ. ಚಿಕ್ಕಂದಿನಿಂದ್ಲೂ ಹಂಗೇನೆ. ಅವಳ ರಿಬ್ಬನ್ ಮುಟ್ಟಿದ್ರೆ ಸಾಕು, ಎರಡು ಬೀದಿ ಅಟ್ಟಿಸ್ಕೊಂಡು ಬರೋಳು." ಅವಳು ನಗಲು ನೋಡಿದಳು. "ಇನ್ನು ಆರೇ ದಿನ ಇತ್ತು. ಬರಲೇ ಇಲ್ವಲ್ಲ, ನನ್ನ ಮರ್ತೇಬಿಟ್ಲು ಅಂದ್ಕೊಂಡಿದ್ದೆ."

ಆ ನಾಲ್ಕು ತಿಂಗಳನ್ನು ಅವಳು ಹೇಗೆ ಕಳೆದಳೆಂದು ಅವಳಿಗೇ ಗೊತ್ತು. ಅಂಚೆಯವನ ಸೈಕಲ್ಲು ತಿರುವಿನಲ್ಲಿ ಕಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ವಕೀಲರ ಫೋನ್ ಬಂದರೆ ಒಂದೇ ರಿಂಗಿಗೆ ಎತ್ತಿಕೊಳ್ಳುತ್ತಿದ್ದಳು. "ಇಲ್ಲಿವರೆಗೆ ಏನೂ ತೊಂದರೆ ಬಂದಿಲ್ಲಮ್ಮ, ಖುಷಿಯಾಗಿರಿ" ಎಂದು ಅವರು ಹೇಳಿದಾಗಲೆಲ್ಲ ಊಟ ಸೇರುತ್ತಿರಲಿಲ್ಲ. ತಂಗಿ ಬೇಕು ಅನ್ನಿಸುತ್ತಿತ್ತು, ಅಷ್ಟೇ. ಜಗಳವಾಡಲಿಕ್ಕಾದರೂ ಬೇಕು. ಡಬ್ಬಿಗೆ ಪಾಲಿಶ್ ಹೊಯ್ದು ಅದರ ಮೈ ಕನ್ನಡಿಯ ಹಾಗೆ ಹೆಪ್ಪುಗಟ್ಟುವಂತೆ ಮಾಡಲು ಆ ಒಂಬತ್ತು ಜನರಲ್ಲಿ ಒಬ್ಬಳಿಗೂ ತಂಗಿಯಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ಸರಿ, ಆಗಿದ್ದಾಯ್ತು," ವಕೀಲರು ಕಂಪ್ಯೂಟರಿನ ಕಡೆ ತಿರುಗಿದರು. "ಎರಡು ತಿಂಗಳೊಳಗೆ ಉತ್ತರ ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ಅರ್ಜಿ ಬಿದ್ದುಹೋಯ್ತು ಅಂತಲೇ ಲೆಕ್ಕ. ಅವರ ಒಂದೊಂದು ಪ್ಯಾರಾಕ್ಕೂ ಒಪ್ತೀವಿ ಇಲ್ಲಾ ಅಲ್ಲಗಳೀತೀವಿ ಅಂತ ಬರೀಬೇಕು. ಸಾಮಾನ್ಯವಾಗಿ ಎಲ್ಲಾನೂ ಅಲ್ಲಗಳೀತೀವಿ. ಮೊದಲನೇದು, ಚಿಕ್ಕ ಕೈ ಆಕ್ಷೇಪಕರದು."

"ಒಪ್ಕೊಳ್ಳಿ."

"ಎರಡು, ಅರ್ಜಿದಾರರು ಒಪ್ಪಿಗೆ ಕೇಳಿಲ್ಲ, ಬೇರೆ ಹಕ್ಕುದಾರರು ಇಲ್ಲ ಅಂತ ಸುಳ್ಳು ಹೇಳಿದಾರೆ."

"ಅದೂ ನಿಜಾನೇ."

"ಪಾಲಿಶ್ ಹೊಯ್ಯೋ ಕ್ರಮ ಆಕ್ಷೇಪಕರು ಕಂಡುಹಿಡಿದಿದ್ದು."

"ಹೌದು. ಎಷ್ಟು ಡಬ್ಬಿ ಹಾಳು ಮಾಡಿದ್ಲು ಅಂತೀರಿ!"

ವಕೀಲರು ಕೈ ಎತ್ತಿಬಿಟ್ಟರು. "ಎಲ್ಲಾ ನೀವೇ ಒಪ್ಕೊಂಡ್ರೆ ನಾನ್ಯಾಕಮ್ಮ ಇಲ್ಲಿರೋದು? ಹೀಗೆ ಬರೆದುಕೊಟ್ರೆ ಗುರುತು ನಿಮ್ಮ ಕೈ ತಪ್ಪುತ್ತೆ. ಮೂರು ಕೈಯವರಿಗೆ ಹಾಲು ಕುಡಿದಷ್ಟು ಸಂತೋಷ ಆಗುತ್ತೆ. ನಿಮ್ಮ ಒಂಬತ್ತು ಜನ ಎಲ್ಲಿಗೆ ಹೋಗ್ತಾರೆ?"

"ಇಬ್ಬರ ಹೆಸರಲ್ಲೂ ಮಾಡೋಕಾಗಲ್ವಾ?"

"ಆಗುತ್ತೆ. ಆದ್ರೆ ಅವರು ಇಲ್ಲಿ ಬಂದು ಸಹಿ ಹಾಕ್ಬೇಕು. ಇಷ್ಟು ಕೋಪ ಮಾಡ್ಕೊಂಡಿರೋರು ಬರ್ತಾರಾ?"

ಸಹಿ ಎಂದ ಕೂಡಲೇ ಅವಳು ಕೊನೆಯ ಪುಟವನ್ನು ಮತ್ತೆ ಎಳೆದುಕೊಂಡಿದ್ದಳು. ತಂಗಿಯ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಇಲ್ಲಿ ಹೆಸರು ಎಡಕ್ಕೆ ವಾಲಿಕೊಂಡು, ದಪ್ಪ ದಪ್ಪವಾಗಿ, ಒಂದನೇ ತರಗತಿಯ ಮಗು ಬರೆದಂತಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

"ಎಡಗೈಯಲ್ಲಿ ಬರ್ದಿದಾಳೆ," ಎಂದಳು ಕೊನೆಗೆ. "ನನಗೆ ಗೊತ್ತೇ ಇರ್ಲಿಲ್ಲ ಸಾರ್. ಎಡಗೈಯಲ್ಲಿ ಬರೆಯೋದು ಕಲ್ತಿದಾಳೆ."

ವಕೀಲರು ಈ ಸಲ ಮೆಲ್ಲಗೆ ಓದಿದರು. "ನಾಲ್ಕನೇ ಪ್ಯಾರಾ. ಮೇಣ ಆರುವ ಮೊದಲೇ ಪಾತ್ರೆ ಇಳಿಸುವಂತೆ ಅರ್ಜಿದಾರರು ಅವಸರಪಡಿಸಿದ್ದರಿಂದ ಆಕ್ಷೇಪಕರ ಬಲಗೈ ಸುಟ್ಟು, ಬೆರಳುಗಳು ಶಾಶ್ವತವಾಗಿ ಮಡಚಿಕೊಂಡವು."

"ಹೌದು. ಬೇಗ ಇಳ್ಸು, ಗಾಡಿ ಬರೋ ಹೊತ್ತಾಯ್ತು ಅಂದಿದ್ದು ನಾನೇ."

"ಐದು. ಆನಂತರ ಆಕ್ಷೇಪಕರು ಕೆಲಸ ಮಾಡಲಾಗದೆ ಇದ್ದಾಗ, 'ನಿನ್ನ ಕೈ ಡಬ್ಬಿ ಮೇಲೆ ಮಾತ್ರ ಇರೋದು' ಎಂದು ಅರ್ಜಿದಾರರು ಕೆಲಸಗಾರರೆದುರು ಹೇಳಿದರು." ಅವರು ತಲೆ ಎತ್ತಲಿಲ್ಲ. "ಇದನ್ನ ಅಲ್ಲಗಳೀಬಹುದು. ಸಾಕ್ಷಿ ಕಷ್ಟ."

"ಸಾಕ್ಷಿ ಯಾಕೆ? ಅಂದೆನಲ್ಲ." ಅವಳು ಕೊನೆಯ ಪುಟವನ್ನು ಮೇಜಿನ ಮೇಲಿಟ್ಟಳು. "ಆ ದಿನ ಹದಿನೆಂಟು ಡಜನ್ ಕಳಿಸ್ಬೇಕಿತ್ತು, ಸಾಕಾಗಿಹೋಗಿತ್ತು. ಬಾಯಿಂದ ಬಂದ್ಬಿಡ್ತು. ಅವಳು ಏನೂ ಮಾತಾಡ್ಲಿಲ್ಲ, ಮುಚ್ಚಳ ಒರೆಸ್ತಾ ಇದ್ದೋಳು ಬಟ್ಟೆ ಮಡಚಿಟ್ಟು ಎದ್ದು ಹೋದ್ಲು. ಬರೀರಿ ಸಾರ್. ಒಪ್ಕೊಂಡಿದೀನಿ ಅಂತ ದೊಡ್ಡದಾಗಿ ಬರೀರಿ. ಈ ಹನ್ನೆರಡು ವರ್ಷದಲ್ಲಿ ಹೇಳೋಕೆ ಅವಳು ಎದುರಿಗೆ ಸಿಗ್ಲಿಲ್ಲ. ಈ ಉತ್ತರ ಅವಳ ಕೈಗೆ ಹೋಗುತ್ತೆ ತಾನೆ?"

"ಒಂದು ಪ್ರತಿ ಕಳಿಸಲೇಬೇಕು. ಅದು ನಿಯಮ."

"ಹಾಗಾದ್ರೆ ಬರೀರಿ."

ಕೀಲಿಮಣೆಯ ಸದ್ದು ಸ್ವಲ್ಪ ಹೊತ್ತು ನಡೆಯಿತು. ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ಹೊರಗೆ ಮೆಟ್ಟಿಲ ಮೇಲೆ ಯಾರೋ ಭಾರದ ಪೆಟ್ಟಿಗೆ ಎಳೆದುಕೊಂಡು ಹೋದರು.

"ಇನ್ನೊಂದೇ ಇದೆ," ಎಂದರು ವಕೀಲರು. "ಆರನೇ ಪ್ಯಾರಾ. ಅರ್ಜಿದಾರರಿಗೂ ಆಕ್ಷೇಪಕರಿಗೂ ಈಗ ಯಾವ ಸಂಬಂಧವೂ ಉಳಿದಿಲ್ಲ. ಆದ್ದರಿಂದ ಎರಡೂ ಕೈಗಳನ್ನು ಒಂದೇ ಗುರುತಿನಲ್ಲಿ ಇಡುವುದಕ್ಕೆ ಆಧಾರವಿಲ್ಲ." ಐದು ಸಲ ಹೊಡೆದ ಅಭ್ಯಾಸದಲ್ಲಿ ಅವರ ಬೆರಳು ಆಗಲೇ ಕೀಲಿಯ ಮೇಲಿತ್ತು. "ಒಪ್ಪಲಾಗಿದೆ. ಅಲ್ವಾ?"

"ಇಲ್ಲ!"

ವಕೀಲರು ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡರು. ಅವಳು ಎದ್ದು ನಿಂತಿದ್ದಳು.

"ಅದನ್ನ ಒಪ್ಪಲ್ಲ ಸಾರ್. ಅದೊಂದನ್ನ ಅಲ್ಲಗಳೀರಿ."

"ಸುಮ್ನೆ ಅಲ್ಲಗಳೆದ್ರೆ ಸಾಲದಮ್ಮ. ಕಾರಣ ಕೊಡ್ಬೇಕು."

"ನಾಲ್ಕು ಪುಟ ಬರ್ದಿದಾಳೆ. ಎಡಗೈಯಲ್ಲಿ ಸಹಿ ಹಾಕಿದಾಳೆ. ಸಂಬಂಧ ಇಲ್ದೋರು ಯಾರಾದ್ರೂ ನಾಲ್ಕು ಪುಟ ಬರೀತಾರಾ?"

ಅದು ಕಾನೂನಿಗೆ ಒಪ್ಪುವ ಕಾರಣವಲ್ಲವೆಂದು ಹೇಳಲು ವಕೀಲರು ಹೊರಟಿದ್ದರು. ಅವಳ ಮುಖ ನೋಡಿ ಸುಮ್ಮನೆ ಕಂಪ್ಯೂಟರಿಗೆ ತಿರುಗಿದರು. ಬೆರಳುಗಳು ಬಹಳ ಹೊತ್ತು ಓಡಾಡಿದವು, ನಿಂತವು, ಒಂದು ಸಾಲು ಅಳಿಸಿ ಮತ್ತೆ ಬರೆದವು. ಆಮೇಲೆ ಅವರು ಪರದೆಯಿಂದಲೇ ಓದಿದರು.

"ಆರನೇ ಪ್ಯಾರಾದಲ್ಲಿ ಹೇಳಿರುವುದು ಸತ್ಯಕ್ಕೆ ದೂರವಾದದ್ದು. ಅರ್ಜಿದಾರರು ಅದನ್ನು ಸ್ಪಷ್ಟವಾಗಿಯೂ ಸಂಪೂರ್ಣವಾಗಿಯೂ ಅಲ್ಲಗಳೆಯುತ್ತಾರೆ."

ಅವಳು ಕುರ್ಚಿಯ ತುದಿಯಲ್ಲಿ ಕೂತು ಕಣ್ಣು ಮುಚ್ಚಿದಳು.

"ಇನ್ನೊಂದ್ಸಲ ಓದಿ ಸಾರ್."

ವಕೀಲರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮೊದಲಿನಿಂದ ಓದಿದರು.